ತಿಪ್ಪಿ ಖಾಲಿ ಮಾಡುವ ಗುಂಡಿ

ಕನ್ನಡದಲ್ಲಿ ಅಂಗಿಗೆ ಹಾಕುವುದೂ ಗುಂಡಿ, ಎಡವಿ ಬೀಳುವುದೂ ಗುಂಡಿ. ಇವೆರಡರ ನಡುವಿನ ಅಂತರ ಎಷ್ಟು ಕಡಿಮೆ ಎಂಬುದು, ಕಂಪ್ಯೂಟರ್ ಪರದೆಯ ಮೇಲೆ ಕಂಡ ಗುಂಡಿಗಳನ್ನೆಲ್ಲ ಒತ್ತುವ ಚಟವಿರುವ ನನ್ನಂಥವರಿಗೆ ಮಾತ್ರ ಅನುಭವವೇದ್ಯ.

ಹಿರೇಕೆರೂರಿನ ನಮ್ಮ ಮನೆಯಲ್ಲಿ, ಗೋವಿನಜೋಳದ ಚೀಲಗಳ ಪಕ್ಕದಲ್ಲಿ, ಹಳೆಯ ಕಂಪ್ಯೂಟರೊಂದು ಲಿನಕ್ಸ್ ಎಂಬ ತಂತ್ರಾಂಶ ಹೊದ್ದುಕೊಂಡು ಹಗಲಿರುಳು ಗುಂಯ್‌ಗುಡುತ್ತಿರುತ್ತದೆ. ನಮ್ಮ ಬಳಗದ ಇ-ಮೇಲೆಲ್ಲ ಅದರಲ್ಲೇ. ದೊಡ್ಡ ಕಂಪನಿಗಳು ಪುಕ್ಕಟೆ ಕೊಡುವಾಗ ಇದೇಕೆ ಎಂದು ಕೇಳಬೇಡಿ. ಅಂಗಡಿಯಲ್ಲಿ ರೊಟ್ಟಿ ಸಿಗುತ್ತದೆಂದು ಯಾರಾದರೂ ಮನೆಯ ರೊಟ್ಟಿ ಹಂಚು ಮಾರುತ್ತಾರೆಯೆ? ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಗಣಿತದ ಮಾಸ್ತರನಾದ ನಾನೇ ಆ ಸಾಮ್ರಾಜ್ಯದ ಚಕ್ರವರ್ತಿ.

ಈಚೆಗೆ ವೆಬ್‌ಮೇಲ್, ಅಂದರೆ ಬ್ರೌಸರಿನಲ್ಲಿ ಮೇಲ್ ಓದುವ ಪುಟ, ಮುಪ್ಪಾಯಿತು. ಅದನ್ನು ಬರೆದವರೇ ಕೈಬಿಟ್ಟಿದ್ದರು. ಮೇಲ್‌ಗಳು ಇದ್ದಲ್ಲೇ ಇರುತ್ತವೆ, ಬಾಗಿಲು ಮಾತ್ರ ಹೊಸದು ಎಂದು ಬಳಗಕ್ಕೆಲ್ಲ ಸಾರಿ ಬೇರೊಂದನ್ನು ಕೂರಿಸಿದೆ. ಹಳೆಯದರಲ್ಲಿ ಊರ ಮಾತಿನಲ್ಲೇ ಹೆಸರಿಟ್ಟಿದ್ದೆ: ಬಂದ ಮೇಲ್‌ಗೆ ‘ಪಡಸಾಲಿ’, ಅಳಿಸಿದ್ದಕ್ಕೆ ‘ತಿಪ್ಪಿ’. ಅವನ್ನು ಹಾಗೆಯೇ ಉಳಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ, ಯಾರು ಲಾಗ್‌ಔಟ್ ಆಗಿ ಹೊರಬಂದರೂ ಅವರ ತಿಪ್ಪಿ ತಾನಾಗಿ ಖಾಲಿಯಾಗುವಂಥ ಗುಂಡಿಯೊಂದನ್ನೂ ಒತ್ತಿದೆ.

ಮೊದಲ ಫೋನು ಸವಣೂರಿನಿಂದ, ವೀಳ್ಯದೆಲೆ ವ್ಯಾಪಾರದ ಗೆಳೆಯ ದಾದಾಪೀರನದು. “ಏನ್ರೀ ಮಾಸ್ತರ, ಹಳೇ ಮನ್ಯಾಗ ಕತ್ತಲದಾಗೂ ಅಡ್ಡಾಡ್ತಿದ್ವಿ. ಇದರಾಗ ಹಾಡಹಗಲ ಗ್ವಾಡಿಗೆ ಹಾಯಾಕತ್ತೇವಿ!” ನಾಲ್ಕು ದಿನದಲ್ಲಿ ರೂಢಿಯಾಗುತ್ತದೆಂದು ತಿಪ್ಪೆ ಸಾರಿಸಿದೆ.

ಆಮೇಲೆ ಹುಲಗೂರಿನಿಂದ ಅಕ್ಕ. “ತಮ್ಮಾ, ಹೊಸಾದು ಚಲೋ ಐತಿ. ಅವ್ವನ ಹಾಡೆಲ್ಲಾ ಅದಾವ, ನೋಡಿದೆ. ಇನ್ನ ಹೊರಗ ಬರ್ತೇನಿ.”

ಅವ್ವ ಬದುಕಿದ್ದಾಗ ಬೀಸುವ ಕಲ್ಲಿನ ಮುಂದೆ ಹಾಡಿದ್ದನ್ನು ಅಕ್ಕ ಫೋನಿನಲ್ಲಿ ಹಿಡಿದು ತನಗೆ ತಾನೇ ಮೇಲ್ ಮಾಡಿಕೊಂಡಿದ್ದಳು. ಆ ಫೋನು ಎಂದೋ ಕಳೆದುಹೋಗಿತ್ತು. ಅವ್ವನ ದನಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

“ಎಲ್ಲಿ ಇಟ್ಟೀಯಕ್ಕಾ ಅವನ್ನ?”

“ತಿಪ್ಯಾಗ.”

“ಹೊರಗ ಬರಬ್ಯಾಡ! ಯಾವ ಗುಂಡೀನೂ ಮುಟ್ಟಬ್ಯಾಡ!” ಎಂದು ಕಿರುಚಿ ಕೀಲಿಮಣೆಗೆ ಬಿದ್ದೆ. ನಾನೇ ಇಟ್ಟ ಪಾಸ್‌ವರ್ಡ್ ನನಗೇ ಕೈಕೊಟ್ಟಿತು. ಕಿವಿಯಲ್ಲಿ ಅಕ್ಕನ ಗೊಣಗಾಟ: “ಎಷ್ಟೊತ್ತು ಒಳಗ ಕುಂದ್ರಲೋ? ಒಲಿ ಮ್ಯಾಲ ಹಾಲಿಟ್ಟೇನಿ.” ಅಂತೂ ಆ ಹಾಳು ಗುಂಡಿಯನ್ನು ಆಫ್ ಮಾಡಿ, ಹಾಡುಗಳ ನಕಲು ತೆಗೆದಿಟ್ಟ ಮೇಲೆಯೇ ಉಸಿರು ಬಿಟ್ಟೆ. ಅತ್ತ ಹಾಲು ಉಕ್ಕಿತ್ತು.

ಹೆದರಿಕೆ ಇಳಿದೊಡನೆ ಸಿಟ್ಟು ಏರಿತು. “ತಿಪ್ಯಾಗ ಇಡೋ ವಸ್ತು ಏನ ಅದು?”

“ತಿಪ್ಪಿಗೆ ಹಾಕಿದ್ದು ಎಲ್ಲಿ ಹೋಗ್ತೈತೋ? ಹೊಲಕ್ಕ ಹೋಗ್ತೈತಿ.”

ದೀಪಾವಳಿಯಲ್ಲಿ ತಿಪ್ಪೆಗೂ ದೀಪವಿಡುವ ಮನೆತನ ನಮ್ಮದು. ಅಲ್ಲಿಗೆ ಬಿದ್ದದ್ದು ಗೊಬ್ಬರವಾಗಿ ಮರುವರ್ಷ ತೆನೆಯಲ್ಲಿ ಕಾಣಿಸುತ್ತದೆ. ಪದವನ್ನು ಊರಿನಿಂದ ತಂದ ನಾನು ಅದರ ಅರ್ಥವನ್ನು ಮಾತ್ರ ಕಂಪ್ಯೂಟರಿನಿಂದ ತೆಗೆದುಕೊಂಡಿದ್ದೆ.

“ಅದೂ ಅಲ್ಲದ ಅಲ್ಲೇ ಹಾಕಂತ ಅವ್ವಾನ ಹೇಳ್ಯಾಳ. ಬೇಕಾರ ಕೇಳು,” ಎಂದು ಅಕ್ಕ ಲ್ಯಾಪ್‌ಟಾಪಿನ ಬಳಿ ಫೋನು ಹಿಡಿದಳು.

ಕಲ್ಲಿನ ಗರಗರ ಕೇಳಿಸಿತು. ಅದರ ಮೇಲೆ ಅವ್ವನ ದನಿ ಎದ್ದು, ಏರಿ, ಕೆಮ್ಮಿಗೆ ಸಿಕ್ಕಿ ನಿಂತಿತು. ನನ್ನ ಕಣ್ಣು ತುಂಬಿ ಬಂತು. ಆಗ ಅವ್ವ ನಗುತ್ತ ಗದರಿದ್ದು ಸ್ಪಷ್ಟವಾಗಿ ಕೇಳಿಸಿತು: “ಸಾಕ ಬಿಡ, ಈ ಒಡಕ ದನಿ ಯಾರಿಗೆ ಬೇಕಾಗೈತಿ? ತಿಪ್ಪಿಗೆ ಒಗಿ ಅದನ್ನ!”

ಅಕ್ಕ ಎಂದೂ ಅವ್ವನ ಮಾತು ಮೀರಿದವಳಲ್ಲ.