ಕೊನೆಯ ನಾಲ್ಕು ಖಾಲಿ ಹಾಳೆಗಳು

ನನ್ನ ಕೈಬರಹ ಚೆನ್ನಾಗಿದೆ. ಹೀಗೆಂದು ನಾನೇ ಹೇಳಿಕೊಳ್ಳುವುದು ಜಂಬವೆಂದು ನಿಮಗನ್ನಿಸಬಹುದು. ಪೂರ್ತಿ ಕೇಳಿದರೆ ಅನುಕಂಪವೇ ಹುಟ್ಟೀತು. ಮದುವೆಯ ಕರೆಯೋಲೆಗಳಿಗೆ ವಿಳಾಸ ಬರೆಯುವುದರಿಂದ ಹಿಡಿದು ಗಣೇಶೋತ್ಸವದ ಬೋರ್ಡಿನವರೆಗೆ, ಎಪ್ಪತ್ತರ ದಶಕದ ರಾಜಾಜಿನಗರದ ನಮ್ಮ ಬೀದಿಯಲ್ಲಿ ಎಲ್ಲದಕ್ಕೂ ನನ್ನನ್ನೇ ಕರೆಯುತ್ತಿದ್ದರು. ಕರೆದವರೆಲ್ಲ ಹೊಗಳುತ್ತಿದ್ದರು. ಹೊಗಳಿಕೆಯಿಂದ ಕೆಟ್ಟವರ ಪಟ್ಟಿ ಮಾಡುವುದಿದ್ದರೆ ನನ್ನ ಹೆಸರನ್ನೂ ಸೇರಿಸಬಹುದು; ಬೇಕಾದರೆ ಆ ಪಟ್ಟಿಯನ್ನೂ ದುಂಡಗೆ ಬರೆದುಕೊಡುತ್ತೇನೆ.

ಆಗ ಬೀದಿಯ ನಾಲ್ಕಾರು ಮಂದಿ ಸೇರಿ ಕೈಬರಹದ ಪತ್ರಿಕೆಯೊಂದನ್ನು ಹೊರತರಲು ಹೊರಟೆವು. ಇಂಥ ಪತ್ರಿಕೆಗೆ ಇರುವುದು ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗಬೇಕು. ಓದಿದವರು ಕೊನೆಯಲ್ಲಿ ಬಿಟ್ಟಿರುವ ನಾಲ್ಕು ಖಾಲಿ ಹಾಳೆಗಳಲ್ಲಿ ತಮ್ಮ ಅಭಿಪ್ರಾಯ ಬರೆಯಬೇಕು. ಬರೆಯುವ ಕೆಲಸ ನನ್ನದಾಯಿತೆಂದು ಬೇರೆ ಹೇಳಬೇಕಿಲ್ಲ. ಎದುರುಮನೆಯ ರುದ್ರಪ್ಪ ಮೇಷ್ಟ್ರು ಚಿತ್ರದುರ್ಗದ ಕಡೆಯವರು, ನಿವೃತ್ತರಾಗಿ ಮಗನ ಜೊತೆ ಇದ್ದರು. ಅವರೊಂದು ಕಥೆ ತಂದುಕೊಟ್ಟರು. ಜೀವಮಾನದಲ್ಲಿ ಬರೆದ ಮೊದಲ ಕಥೆ. "ನಾಲ್ಕು ಜನ ಓದಿ ಏನಂತಾರೋ ನೋಡ್ಬೇಕು ಕಣಪ್ಪ, ಅಷ್ಟೇ ಆಸೆ" ಎಂದರು.

ಯುಗಾದಿಗೆ ಬರಬೇಕಾದ ಸಂಚಿಕೆ ಗಣೇಶನ ಹಬ್ಬಕ್ಕೂ ಬರಲಿಲ್ಲ. ಒಂದು ಕಡೆ ಮಸಿ ಹರಡುತ್ತಿತ್ತು, ಇನ್ನೊಂದು ಕಡೆ ಸಾಲು ಕೂದಲೆಳೆಯಷ್ಟು ಇಳಿಯುತ್ತಿತ್ತು. ಹಾಳೆ ಹರಿದು ಮತ್ತೆ ಮೊದಲಿಂದ ಬರೆಯುತ್ತಿದ್ದೆ. ಮೇಷ್ಟ್ರ ಕಥೆಯೊಂದನ್ನೇ ಹನ್ನೊಂದು ಸಲ ಬರೆದೆ. ಹಿಂದೆ ಓಲೆಗರಿಯ ಮೇಲೆ ಬರೆಯುತ್ತಿದ್ದವರು, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಕೊನೆಯಲ್ಲಿ ಓದುಗರನ್ನು ಬೇಡಿಕೊಳ್ಳುತ್ತಿದ್ದರಂತೆ. ಅವರಿಗೆ ಗರಿ ಕೊರೆಯುವ ಕಷ್ಟ ಗೊತ್ತಿತ್ತು, ಓದುಗರ ಮೇಲೆ ನಂಬಿಕೆಯೂ ಇತ್ತು. ನನಗೆ ಎರಡೂ ಇರಲಿಲ್ಲ. ಮೇಷ್ಟ್ರು ಗೇಟಿನ ಬಳಿ ಸಿಕ್ಕಾಗಲೆಲ್ಲ "ಆಯ್ತೇನಪ್ಪಾ?" ಎನ್ನುತ್ತಿದ್ದರು. "ಇನ್ನೊಂದ್ ವಾರ ಸಾರ್" ಎನ್ನುತ್ತಿದ್ದೆ.

ದೀಪಾವಳಿಗೆ ಸಂಚಿಕೆ ಹೊರಬಂತು. ಎಲ್ಲಿಯೂ ಒಂದು ಚಿತ್ತಿಲ್ಲ. ಹದಿನಾಲ್ಕು ಮನೆ ಸುತ್ತಿ ಅದು ವಾಪಸಾದ ದಿನ ಮೇಷ್ಟ್ರು ಕನ್ನಡಕ ಹಾಕಿಕೊಂಡು ನಮ್ಮ ಜಗಲಿಯಲ್ಲಿ ಕಾದಿದ್ದರು. ಕೊನೆಯ ನಾಲ್ಕು ಹಾಳೆಗಳು ನಾನು ಕೊಟ್ಟಷ್ಟೇ ಬೆಳ್ಳಗಿದ್ದವು. ಒಬ್ಬರು ಅದನ್ನು ಮಕ್ಕಳ ಕೈಗೆ ಸಿಗದಂತೆ ಬೀರುವಿನಲ್ಲಿಟ್ಟಿದ್ದರಂತೆ, ಇನ್ನೊಬ್ಬರು ದೇವರ ಮುಂದೆ. ಪಕ್ಕದ ಮನೆಯ ಶಾರದಮ್ಮನವರು, "ಅಷ್ಟು ಚೆನ್ನಾಗಿರೋದ್ರಲ್ಲಿ ನನ್ನ ಕಾಗೆಕಾಲು ಗುಬ್ಬಿಕಾಲು ಹೇಗಪ್ಪಾ ಬರೀಲಿ?" ಎಂದರು.

"ಹೋಗ್ಲಿ ಬಿಡು" ಎಂದರು ಮೇಷ್ಟ್ರು. "ನೀನು ಹನ್ನೊಂದು ಸಲ ಬರ್ದಿದೀಯಲ್ಲ, ನಿನಗೆ ಹೇಗನ್ನಿಸ್ತು ಕಥೆ?"

ಯಾವ ಪುಟದಲ್ಲಿ ಎಷ್ಟು ಸಾಲು ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಕಥೆಯಲ್ಲಿ ಏನಾಗುತ್ತದೆಂಬುದೇ ನನ್ನ ನೆನಪಿಗೆ ಬರಲಿಲ್ಲ. "ತುಂಬಾ ಚೆನ್ನಾಗಿತ್ತು ಸಾರ್" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಅಕ್ಷರ ಚೆನ್ನಾಗಿದೆ ಬಿಡಪ್ಪ" ಎಂದು ಎದ್ದು ಹೋದರು. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

ಎರಡನೆಯ ಸಂಚಿಕೆಯನ್ನು ಅವರವರ ಕೈಯಲ್ಲೇ ಬರೆಯಿಸಿದೆ. ಹದಿನೈದು ದಿನಕ್ಕೆ ಮುಗಿಯಿತು. ಹೊಡೆದುಹಾಕಿದ ಸಾಲುಗಳು, ವಾಲಿದ ಅಕ್ಷರಗಳು, ಎಲ್ಲವೂ ಇದ್ದವು. ವಾಪಸು ಬಂದಾಗ ಮೇಲೆ ಹುಳಿಯ ಕಲೆ ಬೇರೆ. ಕೊನೆಯ ಹಾಳೆಗಳು ಸಾಲದೆ ಜನ ರಟ್ಟಿನ ಒಳಬದಿಯಲ್ಲೂ ಜಗಳವಾಡಿದ್ದರು. ನಲ್ಲಿ ನೀರಿಗೆ ಸಾಲು ನಿಲ್ಲುವುದರ ಬಗ್ಗೆ ಶಾರದಮ್ಮನವರು ಬರೆದದ್ದಕ್ಕೆ ಮೇಷ್ಟ್ರು ಒಂದಿಡೀ ಪುಟ ಅಭಿಪ್ರಾಯ ಬರೆದಿದ್ದರು: ಎಲ್ಲಿ ನಗು ಬಂತು, ಎಲ್ಲಿ ಅವಸರವಾಯಿತು, ಎಲ್ಲಿ ಇನ್ನಷ್ಟು ಹೇಳಬೇಕಿತ್ತು. ತಮಗೆ ಸಿಗದೇ ಹೋದದ್ದನ್ನು ಆಕೆಗೆ ಕೊಟ್ಟಿದ್ದರು. ಹೊಸ ಕಥೆಯನ್ನು ಮಾತ್ರ ಕೊಟ್ಟಿರಲಿಲ್ಲ. ಕೇಳಿದ್ದಕ್ಕೆ, "ಇದ್ದದ್ದು ಅದೊಂದೇ ಕಣಪ್ಪ" ಎಂದಿದ್ದರು.

ಆ ಪುಟ ಓದಿದ ಮೇಲೆ ಮನಸ್ಸು ತಡೆಯದೆ ಮೊದಲ ಸಂಚಿಕೆ ತೆಗೆದು ಅವರ ಕಥೆಯನ್ನು ಓದಿದೆ. ತಾಯಿಯೊಬ್ಬಳು ಮಗನ ಶಾಲೆಗೆ ಬಂದು, ಕಿಟಕಿಯ ಹೊರಗೆ ಸ್ವಲ್ಪ ಹೊತ್ತು ನಿಂತು, ಏನೂ ಹೇಳದೆ ಹೊರಟುಹೋಗುತ್ತಾಳೆ. ಅಷ್ಟೇ. ಮುಗಿಸಿದವನು ಮತ್ತೆ ಮೊದಲಿಂದ ಓದಿದೆ. ರಸ್ತೆ ದಾಟಿ ಹೋಗಿ ಹೇಳಬಹುದಿತ್ತು. ಆದರೆ ಅಂಥ ಕಥೆಗೆ ಅಂಥದೇ ಮಾತು ಬೇಡವೇ? ಒಳ್ಳೆಯ ವಾಕ್ಯವೊಂದು ಹೊಳೆಯಲಿ ಎಂದು ನಾಲ್ಕು ದಿನ ಕಾದೆ. ಐದನೆಯ ದಿನ ಮೇಷ್ಟ್ರ ಮನೆಯ ಮುಂದೆ ಲಾರಿ ನಿಂತಿತ್ತು. ಮಗನಿಗೆ ದಾವಣಗೆರೆಗೆ ವರ್ಗವಾದದ್ದು ಬೀದಿಗೆಲ್ಲ ಗೊತ್ತಿತ್ತು, ವಾಕ್ಯ ಹುಡುಕುತ್ತಿದ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ.

ಹಾಸಿಗೆ ಸುರುಳಿಯ ಮೇಲೆ ಕೂತಿದ್ದ ಅವರ ಬಳಿ ಓಡಿಹೋಗಿ ತೊದಲುತ್ತಾ ಕೇಳಿದೆ: "ಸಾರ್, ಕಥೇಲಿ ಆ ತಾಯಿ... ಸ್ಕೂಲ್ ಹತ್ರ ಯಾಕೆ ಬಂದಿದ್ರು?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಮುಖ ಅರಳಿತ್ತು. "ಕೂತ್ಕೊ, ಹೇಳ್ತೀನಿ. ಅದು ನಮ್ಮವ್ವನೇ ಕಣಪ್ಪ. ಅವತ್ತು ಬೆಳಗ್ಗೆ ಮನೆಯಿಂದ ಹೊರಡೋವಾಗ ನಾನು ಅವಳಿಗೆ ಒಂದು ಮಾತು ಅಂದಿದ್ದೆ..."

ಡ್ರೈವರು ಹಾರನ್ ಹೊಡೆದ. ಮಗ ಬಂದು ಅವರ ತೋಳು ಹಿಡಿದು ಲಾರಿಯ ಮುಂದಿನ ಸೀಟಿಗೆ ಹತ್ತಿಸಿದ. ಆ ಮಾತು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾಲ್ಕು ದಿನ ಮೊದಲೇ ಹೋಗಿ ಹೀಗೆ ತೊದಲಿದ್ದರೆ ಗೊತ್ತಾಗುತ್ತಿತ್ತು.