ಸುಂದರಿ ಹಾಕಿದ ಕೊಸರು

"ನಿಮ್ಮ ತಾಳ್ಮೆಗೆ ಧನ್ಯವಾದಗಳು" ಎಂದು ಫೋನಿನಲ್ಲಿ ಬಂದದ್ದನ್ನು ಸೊಸೆ ಶರ್ಮಿಳಾ ಓದಿ ಹೇಳಿದ ಕೂಡಲೇ ಸುಂದರಿಗೆ ಮೈಯೆಲ್ಲ ಉರಿದು ಹೋಯಿತು.

"ತಾಳ್ಮೆಯಾ? ಅವನಿಗೆ ತಾಳ್ಮೆ ಕೊಟ್ಟದ್ದು ಯಾರು? ನಾನಂತೂ ಕೊಡಲಿಲ್ಲ. ನೀನು ಕೊಟ್ಟೆಯಾ?"

"ಅದು ಮನುಷ್ಯ ಅಲ್ಲ ಮಾಮಿ. ನಾವು ಎಂತ ಕೇಳಿದ್ರೂ ಕಂಪ್ಯೂಟರ್ ತನ್ನಷ್ಟಕ್ಕೇ ಹಾಗೆ ಬರೀತದೆ."

"ಹಾಗಾದ್ರೆ ಮನುಷ್ಯರೆಲ್ಲ ಎಲ್ಲಿ ಸತ್ತಿದ್ದಾರೆ ಅಂತ ಕೇಳು!"

ಅಂದು ಶನಿವಾರ. ಸೋಮವಾರ ಮಂಗಳೂರಿನ ದೇರೆಬೈಲಿನ ಈ ಮನೆಯ ಬಾಗಿಲಿಗೇ ಬಂದು ಕೊರಿಯರಿನವನು ಒಯ್ದಿದ್ದ ಪಾರ್ಸೆಲ್ ಪುಣೆ ಮುಟ್ಟಿರಲಿಲ್ಲ. ಶರ್ಮಿಳಾಳ ಫೋನಿನಲ್ಲಿ ನೋಡಿದರೆ ಒಂದು ಹಸಿರು ಗೆರೆ, ಗೆರೆಯ ನಡುವೆ ಒಂದು ಪುಟ್ಟ ಲಾರಿ, ಅದರ ಕೆಳಗೆ "ದಾರಿಯಲ್ಲಿದೆ". ಮಂಗಳವಾರವೂ ದಾರಿಯಲ್ಲಿದೆ, ಗುರುವಾರವೂ ದಾರಿಯಲ್ಲಿದೆ. ಐದು ದಿನದಲ್ಲಿ ನಡೆದುಕೊಂಡು ಹೊರಟವನೂ ಎಲ್ಲಿಗಾದರೂ ಮುಟ್ಟುತ್ತಿದ್ದ ಎಂದು ಸುಂದರಿ ಆ ಲಾರಿಗೆ ಬಾಯಿಗೆ ಬಂದಂತೆ ಬೈದಿದ್ದಳು.

ಸಿಟ್ಟು ಅವಳಿಗೆ ಹೊಸದಲ್ಲ. ಮೂವತ್ತೆರಡು ವರ್ಷ ಬೆಳಗಿನ ಜಾವ ಬೋಟುಗಳು ಬಂದು ನಿಲ್ಲುವ ಧಕ್ಕೆಗೆ ಹೋಗಿ, ಏಲಂ ಕೂಗುವ ಗಂಡಸರ ನಡುವೆ ಮೊಣಕೈಯಿಂದ ಜಾಗ ಮಾಡಿಕೊಂಡು ಮೀನು ಕೊಂಡು, ಬುಟ್ಟಿ ತಲೆಯ ಮೇಲಿಟ್ಟು ಬಲ್ಮಠದ ಮನೆ ಮನೆ ಹತ್ತಿ ಇಳಿದವಳು. ಗಂಡ ಪೂವಪ್ಪ ಬೋಟಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ, ಬಂದರೆ ಮಾತಾಡುತ್ತಿರಲಿಲ್ಲ. ಮನೆಯ ಮಾತೆಲ್ಲ ಇವಳೊಬ್ಬಳದೇ. ಒಮ್ಮೆ ಒಬ್ಬರು ಬಂಗುಡೆಯ ಕಿವಿ ಎತ್ತಿ ನೋಡಿ "ನಿನ್ನೆಯದ್ದಾ?" ಎಂದಾಗ, ಮಾತಿಲ್ಲದೆ ಅವರ ಪಾತ್ರೆಯಿಂದ ಮೀನನ್ನೆಲ್ಲ ವಾಪಸು ಬುಟ್ಟಿಗೆ ಸುರಿದುಕೊಂಡು ಹೋದವಳು, ಮತ್ತೆ ಆ ಗೇಟಿನ ಒಳಗೆ ಕಾಲಿಡಲಿಲ್ಲ. ಮೊಣಗಂಟು ಕೈಕೊಟ್ಟ ಮೇಲೆ ಮನೆಯಲ್ಲೇ ಕುಳಿತು ಒಣ ಸೀಗಡಿಯ ಎಟ್ಟಿ ಚಟ್ನಿ ಮಾಡತೊಡಗಿದಳು. ಶರ್ಮಿಳಾ ಅದರ ಫೋಟೋ ತೆಗೆದು ಫೋನಿಗೆ ಹಾಕಿದಳು, ಊರು ಬಿಟ್ಟ ಮಂಗಳೂರಿನವರೆಲ್ಲ ಅಲ್ಲಿಂದ ತರಿಸಿಕೊಳ್ಳತೊಡಗಿದರು. ಸುಂದರಿಯ ಕೆಲಸ ಹುರಿಯುವುದು, ಅರೆಯುವ ಕಲ್ಲಿನಲ್ಲಿ ಕಡೆಯುವುದು, ಪ್ಯಾಕೆಟಿಗೆ ತುಂಬುವುದು. ತೂಗುವುದು, ಚೀಟಿ ಅಂಟಿಸುವುದು, ಕೊರಿಯರಿನವನನ್ನು ಕರೆಸುವುದು ಶರ್ಮಿಳಾಳದ್ದು.

ಈ ಪಾರ್ಸೆಲ್ ಹೊರಟದ್ದು ಫೆಲ್ಸಿಬಾಯಿಗೆ. ಬಲ್ಮಠದ ಫೆಲ್ಸಿಬಾಯಿ ಎಂದರೆ ಸುಂದರಿಗೆ ದಿನಾ ಬೆಳಿಗ್ಗೆಯ ಜಗಳ. ಇವಳು ಒಂದು ಬೆಲೆ ಹೇಳಿದರೆ ಅವರು ಅದರ ಅರ್ಧ ಕೇಳುವುದು, ಇವಳು ಬುಟ್ಟಿ ಎತ್ತುವುದು, ಅವರು "ಹೋಗು ಹೋಗು, ನಿನ್ನ ಮೀನು ಬೆಕ್ಕೂ ಮೂಸುವುದಿಲ್ಲ" ಎನ್ನುವುದು, ಇವಳು ಗೇಟಿನವರೆಗೆ ಹೋಗಿ ತಿರುಗಿ ಬರುವುದು. ಇಬ್ಬರಲ್ಲಿ ಒಬ್ಬರು ಒಂದು ದಿನ ಕಾಣದಿದ್ದರೆ ಇನ್ನೊಬ್ಬರಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಫೆಲ್ಸಿಬಾಯಿ ಬಿದ್ದು ಸೊಂಟ ಮುರಿದ ಮೇಲೆ ಮಗಳು ಲವಿನಾ ಅವರನ್ನು ಪುಣೆಗೆ ಕರೆದುಕೊಂಡು ಹೋಗಿದ್ದಳು.

ಕಳೆದ ಭಾನುವಾರ ಲವಿನಾ ಅಳುತ್ತಾ ಫೋನ್ ಮಾಡಿದ್ದಳು. ಮಮ್ಮಿ ಏನೂ ತಿನ್ನುವುದಿಲ್ಲ, ಚಮಚ ಬಾಯಿಗಿಟ್ಟರೆ ತುಟಿ ಬಿಗಿ ಹಿಡಿಯುತ್ತಾರೆ. "ಸುಂದರಿಯ ಎಟ್ಟಿ ಚಟ್ನಿ ಇದ್ರೆ ಗಂಜಿ ತಿಂತೇನೆ, ಇಲ್ಲದಿದ್ರೆ ಬೇಡ" ಎಂದು ಒಂದೇ ಹಟ. ಒಂದು ವಾರದೊಳಗೆ ತಿನ್ನಲು ಶುರುಮಾಡದಿದ್ದರೆ ಬರುವ ಸೋಮವಾರ ಮೂಗಿನಲ್ಲಿ ನಳಿಗೆ ಹಾಕುತ್ತೇವೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮೂವತ್ತು ವರ್ಷ ಮೀನಿನ ಬೆಲೆಗಾಗಿ ತನ್ನೊಡನೆ ಜಗಳವಾಡಿದ ಆ ಮುಖಕ್ಕೆ ನಳಿಗೆ! ಸುಂದರಿ ಅದೇ ದಿನ ಹುರಿಯಲು ಕುಳಿತಿದ್ದಳು.

ಈಗ ಉಳಿದದ್ದು ಒಂದೂವರೆ ದಿನ.

"ಎಲ್ಲಿ ಉಂಟು ಇವರ ಆಫೀಸು?"

"ಪಂಪ್‌ವೆಲ್ಲಿನ ಹತ್ತಿರ ಗೋಡೌನು ಉಂಟು. ಅಲ್ಲಿ ಹೋದ್ರೆ ಒಳಗೆ ಬಿಡುವುದಿಲ್ಲ ಮಾಮಿ, ಎಂತ ಇದ್ರೂ ಫೋನಿನಲ್ಲೇ..."

"ಬಿಡದೆ ಎಂತ ಮಾಡ್ತಾರೆ ನೋಡುವ. ಸ್ಕೂಟರ್ ತೆಗಿ."

ಗೋಡೌನಿನ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. ಸುಂದರಿ ಆ ಕೈಯನ್ನು ಬಾಳೆಗಿಡದ ಒಣ ಎಲೆಯಂತೆ ಸರಿಸಿ ಒಳಗೆ ಹೋದಳು. ಕಂಪ್ಯೂಟರಿನ ಮುಂದೆ ಕುಳಿತಿದ್ದವನ ಕೊರಳ ಕಾರ್ಡಿನಲ್ಲಿ ಶೋಭಿತ್ ಎಂದಿತ್ತು. ವಯಸ್ಸು ಮೂವತ್ತು ದಾಟಿರಬೇಕು, ಕಣ್ಣು ನಿದ್ದೆಗೆಟ್ಟಂತಿತ್ತು. ಶರ್ಮಿಳಾ ಕೊಟ್ಟ ನಂಬರು ಒತ್ತಿ ನೋಡಿ, ತಲೆ ತುರಿಸಿಕೊಂಡು ಹೇಳಿದ:

"ಅಮ್ಮ, ನಿಮ್ಮ ಪಾರ್ಸೆಲ್ ಇಲ್ಲೇ ಉಂಟು."

"ಇಲ್ಲೇ ಅಂದ್ರೆ?"

"ಇಲ್ಲೇ. ಹಿಂದಿನ ರ‍್ಯಾಕಿನಲ್ಲಿ. ಸೋಮವಾರದಿಂದ."

ಆಮೇಲೆ ಸುಂದರಿಯ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಧಕ್ಕೆಯಲ್ಲಿ ನಾಲ್ಕು ಬೋಟಿನಾಚೆ ಕೇಳುತ್ತಿದ್ದ ಗಂಟಲು ಅದು, ತಗಡಿನ ಮಾಡಿನ ಕೆಳಗೆ ಇನ್ನೂ ಜೋರಾಗಿ ಕೇಳಿತು. ಪೆಟ್ಟಿಗೆ ಎತ್ತುತ್ತಿದ್ದವರು ಎತ್ತಿದಲ್ಲೇ ನಿಂತರು.

"ಫೋನಿನಲ್ಲಿ ಐದು ದಿನದಿಂದ ಲಾರಿ ಓಡ್ತಾ ಉಂಟಲ್ಲ, ಅದು ಯಾವನದ್ದು ಮತ್ತೆ?"

"ಇಲ್ಲಿ ಒಮ್ಮೆ ಸ್ಕ್ಯಾನ್ ಆದ್ರೆ ಹಾಗೆ ತೋರಿಸ್ತದೆ ಅಮ್ಮ. ಅದು ಸಿಸ್ಟಮ್. ನಿಮ್ಮ ಪಾರ್ಸೆಲ್ ಹೋಲ್ಡ್ ಆದದ್ದು ತೂಕದಿಂದ. ನೀವು ಹಾಕಿದ್ದು ಐನೂರು ಗ್ರಾಮಿನ ಒಳಗೆ ಅಂತ. ನಮ್ಮ ಮೆಷಿನಿನಲ್ಲಿ ಐನೂರ ನಲ್ವತ್ತು ಬಂದಿದೆ."

"ನಾನೇ ತೂಗಿದ್ದು," ಶರ್ಮಿಳಾ ಮುಂದೆ ಬಂದಳು. "ಪೆಟ್ಟಿಗೆ ಸೇರಿ ನಾನೂರ ತೊಂಬತ್ತು. ಎರಡು ಸಲ ನೋಡಿದ್ದೇನೆ."

"ಕೇಳಿದೆಯಾ? ನಿನ್ನ ಮೆಷಿನೇ ಕಳ್ಳ! ನನ್ನ ತಕ್ಕಡಿಗೆ ಇಷ್ಟು ವರ್ಷದಲ್ಲಿ ಒಬ್ಬ ಬೆರಳು ತೋರಿಸಲಿಲ್ಲ, ನೀನು ನಿನ್ನೆ ಮೊನ್ನೆ ಹುಟ್ಟಿದವನು..."

ಎನ್ನುತ್ತಿದ್ದವಳು ಅಲ್ಲಿಗೇ ನಿಂತಳು.

ಶರ್ಮಿಳಾ ಮೆಲ್ಲಗೆ ತಿರುಗಿದಳು. "ಮಾಮಿ, ನಾನು ಟೇಪ್ ತರ್ಲಿಕ್ಕೆ ಒಳಗೆ ಹೋದಾಗ ನೀವು ಎಂತ ಮಾಡಿದ್ರಿ?"

ಒಂದು ಮುಷ್ಟಿ ಹಾಕಿದ್ದಳು, ಮತ್ತೇನು? ತೂಗಿದ ಮೇಲೆ ಒಂದು ಮುಷ್ಟಿ ಮೇಲಿನಿಂದ ಹಾಕದೆ ಸುಂದರಿ ಈ ಜನ್ಮದಲ್ಲಿ ಯಾರಿಗೂ ಏನನ್ನೂ ಕೊಟ್ಟವಳಲ್ಲ. ಜಗಳ ಎಷ್ಟೇ ಆಗಲಿ, ಕೊನೆಗೆ ನಾಲ್ಕು ಸಣ್ಣ ಮೀನು ಪಾತ್ರೆಗೆ ಬಿದ್ದರೇ ವ್ಯಾಪಾರ ಮುಗಿದ ಹಾಗೆ. ಅದು ಕೊಸರು. ಅದಿಲ್ಲದೆ ಎದ್ದುಹೋದ ಮೀನಿನವಳನ್ನು ಮರುದಿನ ಯಾವ ಮನೆಯೂ ಕರೆಯುವುದಿಲ್ಲ. ಅದರಲ್ಲೂ ಇದು ಫೆಲ್ಸಿಬಾಯಿಗೆ. ಒಂದು ಮುಷ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಪೆಟ್ಟಿಗೆಯ ಮೂಲೆಗೆ ತುರುಕಿದ್ದಳು.

"ಅಯ್ಯೋ ಮಾಮಿ," ಶರ್ಮಿಳಾಳ ಕಣ್ಣಿನಲ್ಲಿ ನೀರೇ ಬಂತು, ಸಿಟ್ಟಿನ ನೀರು. "ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ? ತೂಗಿ ಚೀಟಿ ಅಂಟಿಸಿದ ಮೇಲೆ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೇನೆ ನಿಮಗೆ!"

ಶೋಭಿತ್ ಪಾಪ, ಉಪಕಾರ ಮಾಡಲು ಹೊರಟ. ಇದು ಸುಲಭ, ಆ್ಯಪಿನ ಒಳಗೆ ಮೆಸೇಜ್ ಬಂದಿರುತ್ತದೆ, ನೀವು ನೋಡಿಲ್ಲ ಅಷ್ಟೆ ಎಂದ. ಶರ್ಮಿಳಾ ಹುಡುಕಿದಳು. ಇತ್ತು, ಮೂರು ಪರದೆಗಳ ಹಿಂದೆ, ಇರುವೆಯಷ್ಟು ಅಕ್ಷರದಲ್ಲಿ. "ನಾನು ತಪ್ಪು ತೂಕ ತೋರಿಸಿದ್ದೇನೆ, ಒಪ್ಪುತ್ತೇನೆ" ಎಂದು ಒಂದು ಕಡೆ, "ಒಪ್ಪುವುದಿಲ್ಲ" ಎಂದು ಇನ್ನೊಂದು ಕಡೆ.

"ಒಪ್ಪುತ್ತೇನೆ ಅಂತ ಒತ್ತಿ. ಇವತ್ತೇ ಲೋಡ್ ಮಾಡಿಸ್ತೇನೆ," ಎಂದ ಶೋಭಿತ್.

ಸುಂದರಿಗೆ ಹೋದ ಉಸಿರು ಮರಳಿತು. "ಎಂತ ಒಪ್ಪುವುದು? ಕಡಿಮೆ ತೂಗಿ ಮೋಸ ಮಾಡಿದವರನ್ನು ಹಿಡಿಯುವುದು ಕೇಳಿದ್ದೇನೆ. ಜಾಸ್ತಿ ಕೊಟ್ಟವಳನ್ನು ಹಿಡಿಯುವುದು ಇದೇ ಮೊದಲು! ಇಲ್ಲೇ ಬಿದ್ದ ಪೆಟ್ಟಿಗೆಯನ್ನು ದಾರಿಯಲ್ಲಿದೆ ಅಂತ ಐದು ದಿನ ಸುಳ್ಳು ಹೇಳಿದ್ದು ನಿನ್ನ ಫೋನು. ತಪ್ಪು ಮಾಡಿದೆ ಅಂತ ಬರೆದು ಕೊಡಬೇಕಾದವಳು ನಾನಾ? ಒತ್ತುವುದಿಲ್ಲ. ಇವತ್ತು ಲೋಡ್ ಆದ್ರೆ ಪುಣೆಗೆ ಯಾವಾಗ?"

"ಮಂಗಳವಾರ. ಮಳೆ ಇಲ್ಲದಿದ್ರೆ."

"ಮಂಗಳವಾರ! ಅಲ್ಲಿ ಸೋಮವಾರ ಆ ಮುದುಕಿಯ ಮೂಗಿಗೆ ನಳಿಗೆ ಹಾಕ್ತಾರೆ ಮಾರಾಯ! ಪೆಟ್ಟಿಗೆ ಇತ್ತ ಕೊಡು."

"ವಾಪಸು ಕೊಡುವುದಕ್ಕೂ ಸಿಸ್ಟಮಿನಲ್ಲಿ ರಿಕ್ವೆಸ್ಟ್ ಹಾಕ್ಬೇಕು ಅಮ್ಮ, ಮೂರು ದಿನ..."

ಸುಂದರಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೆಟ್ಟಿಗೆಗಳು ಬರುವ ಬೆಲ್ಟಿನ ಬಾಯಿಗೇ ಕುಳಿತುಬಿಟ್ಟಳು. ಮೊಣಗಂಟು ಕಟಕಟ ಎಂದಿತು. "ನನ್ನನ್ನೂ ತೂಗು. ಎಪ್ಪತ್ತೆರಡು ಕಿಲೋ. ಅದಕ್ಕೂ ಒಂದು ಚೀಟಿ ಅಂಟಿಸಿ ರ‍್ಯಾಕಿನಲ್ಲಿಡು. ನನ್ನ ಪೆಟ್ಟಿಗೆ ಸಿಕ್ಕದೆ ನಾನು ಏಳುವುದಿಲ್ಲ."

ಹಿಂದೆ ಪೆಟ್ಟಿಗೆಗಳು ರಾಶಿಬಿದ್ದವು. ಒಬ್ಬಳು ನಗತೊಡಗಿದಳು, ಒಬ್ಬ "ಕೊಟ್ಟು ಕಳಿಸು ಮಾರಾಯ" ಎಂದ. ಹತ್ತು ನಿಮಿಷ ಶೋಭಿತ್ ಫೋನ್ ಹಿಡಿದು ಯಾರೊಡನೆಯೋ "ಹೌದು ಸಾರ್, ಇಲ್ಲ ಸಾರ್" ಎಂದ. ಕೊನೆಗೆ ಫೋನ್ ಕಿಸೆಗೆ ಹಾಕಿ, ಹಿಂದೆ ಹೋಗಿ, ಪೆಟ್ಟಿಗೆ ತಂದು ಅವಳ ಮಡಿಲಿಗಿಟ್ಟ. "ನನ್ನ ಅಜ್ಜಿಯೂ ಹೀಗೇ," ಎಂದ.

ಸಂಜೆ ಬಲ್ಮಠದ ಹತ್ತಿರ ಪುಣೆಗೆ ಹೊರಡುವ ಬಸ್ಸಿನ ಡ್ರೈವರನ ಕೈಯಲ್ಲಿ ಪೆಟ್ಟಿಗೆ ಕೊಟ್ಟು, ಅವನ ನಂಬರು ಲವಿನಾಳಿಗೆ, ಲವಿನಾಳ ನಂಬರು ಅವನಿಗೆ ಕೊಟ್ಟು, "ಕಳೆದ್ರೆ ನಿನ್ನನ್ನು ಹುಡುಕಿಕೊಂಡು ಬರ್ತೇನೆ" ಎಂದು ಹೇಳಿ ಸುಂದರಿ ಮನೆಗೆ ಬಂದಳು. ಮನೆಯಲ್ಲಿ ಅತ್ತೆ ಸೊಸೆಗೆ ಮಾತಿರಲಿಲ್ಲ. ಪೂವಪ್ಪ ಇಬ್ಬರ ಮುಖ ನೋಡಿ ತಾನೇ ಬಡಿಸಿಕೊಂಡು ಉಂಡ.

ಭಾನುವಾರ ಮಧ್ಯಾಹ್ನ ಲವಿನಾಳ ಫೋನ್ ಬಂತು. "ತಿಂದ್ರು ಸುಂದರಿಯಕ್ಕಾ! ಅರ್ಧ ಬಟ್ಟಲು ಗಂಜಿ. ಇನ್ನೂ ತಿಂತಾ ಇದ್ದಾರೆ. ಇರಿ, ಮಾತಾಡ್ತಾರಂತೆ."

ಫೋನಿನಲ್ಲಿ ಬರೀ ಉಸಿರು ಕೇಳಿತು. ಆಮೇಲೆ ಸಣ್ಣಗೆ, ನಿಧಾನಕ್ಕೆ, "ಎಂತ ಸುಂದರಿ, ಇಷ್ಟು ತಡ? ಒಂದು ವಾರ ಬಾಗಿಲು ನೋಡಿದೆ. ನೀನೂ ನನ್ನನ್ನು ಮರೆತೆ ಅಂತ ಎಣಿಸಿದೆ."

ಹೇಳಲು ಎಷ್ಟಿತ್ತು! ಆ ಲಾರಿ, ಆ ಗೋಡೌನು, ತಾಳ್ಮೆಗೆ ಧನ್ಯವಾದ ಹೇಳುವ ಆ ಕಂಪ್ಯೂಟರು. ಯಾವುದೂ ಸುಂದರಿಯ ಬಾಯಿಗೆ ಬರಲಿಲ್ಲ. ಎದುರು ಶರ್ಮಿಳಾ ನಿಂತಿದ್ದಳು. ಅವಳನ್ನೇ ನೋಡುತ್ತಾ ಹೇಳಿದಳು:

"ನನ್ನದೇ ತಪ್ಪು ಬಾಯಮ್ಮ. ನಾನು ಮಾಡಿದ ಕೆಲಸದಿಂದಲೇ ತಡ ಆದದ್ದು."

"ಎಂತ ಮಾಡಿದೆ?"

"ತೂಗಿದ ಮೇಲೆ ಒಂದು ಮುಷ್ಟಿ ಹಾಕಿದೆ."

ಆ ಕಡೆ ಫೆಲ್ಸಿಬಾಯಿ ಇನ್ನೊಂದು ತುತ್ತು ತಿಂದರು. ಚಮಚ ಬಟ್ಟಲಿಗೆ ತಾಗಿದ ಸದ್ದು ಕೇಳಿತು.

"ಒಂದೇ ಮುಷ್ಟಿಯಾ?"

"ಹೋ! ಬಂತಾ ನಾಲಿಗೆ ನಿಮಗೆ!" ಎಂದು ಸುಂದರಿ ಕಿರುಚಿದಳು. ಕಣ್ಣೀರು ಕೆನ್ನೆಯಿಂದ ಇಳಿದು ಗದ್ದದವರೆಗೆ ಬಂದಿತ್ತು. ಆಮೇಲೆ ಅರ್ಧ ಗಂಟೆ ಇಬ್ಬರೂ ಜಗಳವಾಡಿದರು.