ಬಣ್ಣದ ಮೇಲೆ ನಿಂತ ಕಂಬ

ಚೌತಿ ಹತ್ತಿರ ಬಂತೆಂದರೆ ನಮ್ಮ ಶಿರವಾಡದ ಗಾಳಿಗೆ ಎರಡು ವಾಸನೆ. ಒಂದು ಚಕ್ಕುಲಿ ಕರಿಯುವ ಎಣ್ಣೆಯದು, ಇನ್ನೊಂದು ಆಯಿಲ್ ಪೇಂಟಿನದು. ಮೊದಲನೆಯದಕ್ಕೆ ಮನೆಯವರೆಲ್ಲ ಮೂಗರಳಿಸುತ್ತಾರೆ. ಎರಡನೆಯದು ಬಂದರೆ ನಾನೊಬ್ಬ ಎದ್ದು ಹೋಗಿ ಜಗಲಿಯ ಗ್ರಿಲ್ಲಿನ ಸರಳುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಬಡಿಯುತ್ತ ನಿಂತಿದ್ದೆ. ಬಣ್ಣ ಬಳಿಯಲು ಬಂದ ಪಾಂಡುರಂಗ ಡಬ್ಬಿ ಕಲಕುವುದನ್ನು ನಿಲ್ಲಿಸಿ, "ಎಂತ ಸರ್, ಒಳಗೆ ಯಾರಾದ್ರೂ ಇದ್ರಾ?" ಎಂದು ಕೇಳಿದ. ಹೆಂಡತಿ ಅಡುಗೆಮನೆಯಿಂದಲೇ ಉತ್ತರ ಕೊಟ್ಟಳು: "ಅವ್ರನ್ನ ಬಿಡು ಪಾಂಡು. ಅವ್ರು ಇಡ್ಲಿಯನ್ನೂ ಬಡಿದು ನೋಡಿಯೇ ತಿನ್ನುದು."

ನಾನು ಹೆದರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ನೋಡಲು ಅರ್ಧ ದಾರಿಯಿಂದ ಮರಳಿ ಬರುವವರನ್ನು ನೀವು ಕಂಡಿರಬಹುದು. ನಾನು ಪಕ್ಕದ ಮನೆಯ ಗ್ಯಾಸ್ ನೋಡಲು ಮರಳಿದವನು. ಮೀನು ತಿನ್ನುವಾಗ ಮುಳ್ಳಿಗೆ ಹೆದರುತ್ತೇನೆ, ತಿಂದಾದ ಮೇಲೆ ಮೀನು ಹಳೆಯದಿತ್ತೇನೋ ಎಂದು ಹೆದರುತ್ತೇನೆ. ಇಂಥವನನ್ನು, ಅರ್ಥಶಾಸ್ತ್ರದ ಉಪನ್ಯಾಸಕನನ್ನು, ಕಾಲೇಜಿನ ಹುಡುಗರ ಬಾಸ್ಕೆಟ್‌ಬಾಲ್ ತಂಡಕ್ಕೆ ವರ್ಷಗಳ ಹಿಂದೆ ಒಂದು ಸೀಸನ್ನಿನ ಮಟ್ಟಿಗೆ ಮ್ಯಾನೇಜರ್ ಮಾಡಿದರು ಎಂದರೆ ನಂಬುತ್ತೀರಾ? ದೈಹಿಕ ಶಿಕ್ಷಣದವರು ವರ್ಗವಾಗಿ ಹೋಗಿದ್ದರು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಹುಡುಗ್ರ ಹತ್ರ ಆಕ್ಸಿಲರೇಟರ್ ಉಂಟು. ಬ್ರೇಕಿಗೆ ನಿಮ್ಮಂಥವ್ರು ಬೇಕು," ಎಂದರು. ಹೊಗಳಿಕೆಯೆಂದು ತಿಳಿದು ಒಪ್ಪಿಕೊಂಡೆ. ಚೆಂಡಿಗೆ ಎಷ್ಟು ಗಾಳಿ ತುಂಬಬೇಕೆಂಬುದೂ ಆಗ ನನಗೆ ಗೊತ್ತಿರಲಿಲ್ಲ. ಹೆಚ್ಚು ತುಂಬಿದರೆ ಒಡೆಯುತ್ತದೆ ಎಂಬುದು ಮಾತ್ರ ಗೊತ್ತಿತ್ತು.

ಆ ಕಾಲೇಜು ಕಾರವಾರದಲ್ಲಿ ಸಮುದ್ರಕ್ಕೆ ತೀರ ಸಮೀಪ. ಮಧ್ಯೆ ಒಂದು ರಸ್ತೆ, ಒಂದು ಸಾಲು ಗಾಳಿಮರ, ಅಷ್ಟೆ. ಸಮುದ್ರದ ಪಕ್ಕ ಕಬ್ಬಿಣ ಹೇಗೆ ಬಾಳುತ್ತದೆಂದು ಕರಾವಳಿಯ ನಿಮಗೆ ನಾನು ಹೇಳಬೇಕೆ? ಸೈಕಲ್ಲಿನ ಬೆಲ್ಲು ಒಂದೇ ಮಳೆಗಾಲಕ್ಕೆ ಮೂಕವಾಗುತ್ತದೆ. ಗೇಟಿನ ಚಿಲಕ ಕೈಗೇ ಬರುತ್ತದೆ. ಅದಕ್ಕೆ ನಾವು ಕಂಡುಕೊಂಡ ಔಷಧ ಚೌತಿಯ ಬಣ್ಣ. ಹಬ್ಬ ಬಾಗಿಲಿಗೆ ಬಂದಾಗ ಕೆರೆಯುತ್ತ ಕೂರಲು ಯಾರಿಗೆ ಪುರುಸೊತ್ತು? ತುಕ್ಕಿನ ಮೇಲೇ ಒಂದು ಕೈ ಬಳಿದರಾಯಿತು. ಗಣಪತಿ ಬರುವ ಹೊತ್ತಿಗೆ ಮನೆ ಹೊಸದು.

ಕಾಲೇಜಿನ ಬಾಸ್ಕೆಟ್‌ಬಾಲ್ ಕಂಬಗಳಿಗೂ ಅದೇ ಉಪಚಾರ. ಅದರಲ್ಲೂ ಸಮುದ್ರದ ಕಡೆಯ ಕಂಬಕ್ಕೊಂದು ವಿಶೇಷ ಮರ್ಯಾದೆಯಿತ್ತು. ಪ್ರತಿ ವರ್ಷ ಚೌತಿಗೆ ಮುಂಚೆ ಹೊಸ ತಂಡದವರು ಅದಕ್ಕೆ ಬಣ್ಣ ಬಳಿದು, ಮೊಣಕಾಲೆತ್ತರದಲ್ಲಿ ತಮ್ಮ ಹೆಸರುಗಳನ್ನು ಬಿಳಿ ಅಕ್ಷರದಲ್ಲಿ ಬರೆಯಬೇಕು. ಮರುವರ್ಷ ಅದರ ಮೇಲೆ ಇನ್ನೊಂದು ತಂಡದ ಬಣ್ಣ, ಇನ್ನೊಂದು ತಂಡದ ಹೆಸರು. ಹಳೆಯದನ್ನು ಕೆರೆಯಕೂಡದು, ಕೆರೆದರೆ ಹಿರಿಯರ ಹೆಸರು ಅಳಿಸಿದಂತೆ. ವರ್ಷದಿಂದ ವರ್ಷಕ್ಕೆ ಕಂಬ ದಪ್ಪವಾಗುತ್ತ ಹೋಗಿತ್ತು. ಆ ವರ್ಷವೂ ಹುಡುಗರು ನೀಲಿ ಬಳಿದರು, ಹೆಸರು ಬರೆದರು. ಕೊನೆಯಲ್ಲಿ ನನ್ನ ಹೆಸರನ್ನೂ ಸೇರಿಸಿದರು. ನಾನು ಹಿಗ್ಗಿದೆ, ಮರುಕ್ಷಣವೇ, ಇನ್ನು ಈ ಕಂಬಕ್ಕೆ ಏನಾದರೂ ಆದರೆ ಮೊದಲು ಸಿಗುವುದು ನನ್ನ ಹೆಸರೇ ಎಂದು ಹೆದರಿದೆ.

ಆ ತಂಡದಲ್ಲಿ ಬೊಮ್ಮಯ್ಯ ಎಂಬ ಹುಡುಗನಿದ್ದ. ಅಂಕೋಲೆಯ ಭಾವಿಕೇರಿಯವನು. ನನ್ನ ಕ್ಲಾಸಿಗೆ ಬರುವಾಗ ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸುತ್ತಿದ್ದ. ಪಾಠಕ್ಕೆ ಅವನು ತೋರುತ್ತಿದ್ದ ವಿನಯ ಅದೊಂದೇ. ಚೆಂಡು ಹಿಡಿದು ಓಡಿಬಂದು, ನೆಗೆದು, ಕೈಯಾರೆ ರಿಂಗಿನೊಳಗೆ ಇಳಿಸಿಬಿಡುತ್ತಿದ್ದ. ನಮ್ಮ ಕಡೆ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಚೆಂಡು ಇಳಿದ ಮೇಲೂ ಅವನಿಗೆ ಇಳಿಯುವ ಅವಸರವಿರಲಿಲ್ಲ. ರಿಂಗು ಹಿಡಿದು ಬಾವಲಿಯ ಹಾಗೆ ನೇತಾಡುತ್ತ, ಅಲ್ಲಿಂದಲೇ ಸಮುದ್ರ ನೋಡುತ್ತ, "ಸರ್, ದೋಣಿ ಬಂತು. ಇವತ್ತು ಬಾಂಗಡೆ ಸೋವಿ," ಎಂದು ಮೀನಿನ ದರದ ವರದಿ ಕೊಡುತ್ತಿದ್ದ.

ಅವನ ತಾಯಿ ಒಮ್ಮೆ ಒಂದು ಚೀಲ ಶೇಂಗಾ ಹೊತ್ತು ಕಾಲೇಜಿಗೇ ಬಂದಿದ್ದರು. "ಸರಾ, ನಮ್ಮ ಬೊಮ್ಮಂಗೆ ಹೆದ್ರಿಕೆ ಅಂದ್ರೆ ಎಂತದು ಹೇಳೇ ಗೊತ್ತಿಲ್ಲ. ಸಣ್ಣಿರುವಾಗ ತೆಂಗಿನ ಮರ ಕಂಡ್ರೆ ಮೇಲೇ. ಒಬ್ಬನೇ ಮಗ, ನನ್ನ ಜೀವ ಕೆಳಗೆ ಒದ್ದಾಡುದು. ನೀವು ಸಿಕ್ಕಾಪಟ್ಟೆ ಹೆದ್ರುವವ್ರಂತೆ, ಅವ್ನೇ ಹೇಳ್ದ. ನಿಮ್ಮಂಥವ್ರು ಒಬ್ರು ಅವ್ನ ಸಂಗ್ತಿಗಿದ್ರೆ ನಂಗೆ ಧೈರ್ಯ." ನನ್ನ ಹೆದರಿಕೆಯಿಂದ ಇನ್ನೊಬ್ಬರಿಗೆ ಧೈರ್ಯ ಬಂದದ್ದು ಅದೇ ಮೊದಲು. ಶೇಂಗಾ ತಿಂದೆ. ಋಣ ತಲೆಯ ಮೇಲೆ ಕೂತಿತು.

ಆಮೇಲೆ ಆ ಸಪ್ಪಳ ಶುರುವಾಯಿತು. ಬೊಮ್ಮಯ್ಯ ರಿಂಗಿಗೆ ಜೋತಾಗ ಕಂಬದ ಬುಡದಿಂದ ಸಣ್ಣಗೆ, ಒಣಗಿದ ಹಪ್ಪಳವನ್ನು ಮೆತ್ತಗೆ ಮುರಿದ ಹಾಗೆ, ಒಂದು ಸಪ್ಪಳ. ನನಗೆ ಕೇಳಿತು. ಬೇರೆ ಯಾರಿಗೂ ಕೇಳಲಿಲ್ಲ. ಬುಡ ಮುಟ್ಟಿದೆ: ಗಟ್ಟಿ, ನುಣುಪು, ಹೊಳೆಯುವ ನೀಲಿ.

ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, "ಸರ್, ಹೋದ ತಿಂಗ್ಳು ನೀರಿನ ಟಾಕಿ ಬೀಳ್ತದೆ ಅಂದ್ರಿ. ಅದರ ಹಿಂದೆ ಲೈಬ್ರರಿ ಫ್ಯಾನು. ಎರಡೂ ಇನ್ನೂ ಮೇಲೇ ಅವೆ," ಎಂದರು. ಅವರದು ತಪ್ಪಲ್ಲ. ಕಂಡದ್ದಕ್ಕೆಲ್ಲ ಹೆದರುವವನ ಕಷ್ಟವೇ ಇದು, ಓದುಗರೇ. ನಿಜವಾಗಿ ಹೆದರಬೇಕಾದ ದಿನ ಕೈಯಲ್ಲಿ ಚಲಾವಣೆಯ ಹೆದರಿಕೆಯೇ ಉಳಿದಿರುವುದಿಲ್ಲ. ಹುಡುಗರಿಗೆ ಹೇಳಿದೆ. ತಂಡದ ನಾಯಕ ಸಂದೇಶ, ಸದಾಶಿವಗಡದವನು, ಕೈ ಮುಗಿದ. "ಅರೇ ಸರ್, ನೀವು ಚೆಂಡಿಗೂ ಹೆಲ್ಮೆಟ್ ಹಾಕ್ಸುವವ್ರು." ಬೊಮ್ಮಯ್ಯನಿಗೇ ಗದರಿದೆ: "ನೇತಾಡಬೇಡ್ವೋ ಮಾರಾಯ!" ಅವನು ಅಲ್ಲಿಂದಲೇ ಒಂದು ಕೈ ಬಿಟ್ಟು ತೋರಿಸಿದ.

ನನ್ನ ಪಾಠ ಹಾಳಾಯಿತು. ಕ್ಲಾಸಿನ ಕಿಟಕಿಗೆ ಕೋರ್ಟು ಕಾಣುತ್ತಿರಲಿಲ್ಲ, ಚೆಂಡಿನ ಸದ್ದು ಮಾತ್ರ ಬರುತ್ತಿತ್ತು. ಚೆಂಡು ಪುಟಿಯುತ್ತಿರುವಷ್ಟು ಹೊತ್ತು ಬೇಡಿಕೆಯ ರೇಖೆ ಇಳಿಯುತ್ತಿತ್ತು, ಪೂರೈಕೆಯ ರೇಖೆ ಏರುತ್ತಿತ್ತು. ಪುಟಿಯುವುದು ನಿಂತರೆ ನನ್ನ ಸೀಮೆಸುಣ್ಣವೂ ನಿಲ್ಲುತ್ತಿತ್ತು. ನಿಂತಿತೆಂದರೆ ಬೊಮ್ಮಯ್ಯ ಮೇಲಿದ್ದಾನೆಂದು ಅರ್ಥ. ಮತ್ತೆ ಢಬ್ ಎಂದಮೇಲೆಯೇ ನನಗೆ ಉಸಿರು. ಇಡೀ ಕ್ಲಾಸು ನನ್ನೊಂದಿಗೆ ಕಿವಿಗೊಟ್ಟು ಕೂರುವುದನ್ನು ಕಲಿತಿತ್ತು. ಹಿಂದಿನ ಬೆಂಚಿನಿಂದ ಯಾರೋ, "ಬಿದ್ಲಿಲ್ಲ ಸರ್, ಮುಂದುವರ್ಸಿ," ಎನ್ನುತ್ತಿದ್ದರು.

ಇತ್ತ ನಮ್ಮ ತಂಡ ಗೆಲ್ಲುತ್ತಲೇ ಹೋಯಿತು. ಸ್ನೇಹದ ಪಂದ್ಯಗಳಲ್ಲಿ ಬಂದವರನ್ನೆಲ್ಲ ಸೋಲಿಸಿ ಕಳಿಸಿದರು. ಅಂಕೋಲೆಯಲ್ಲಿ ನಡೆಯಲಿದ್ದ ವಲಯ ಪಂದ್ಯಾವಳಿ ನಮ್ಮದೇ ಎಂದು ಊರೆಲ್ಲ ಮಾತಾಡುತ್ತಿತ್ತು. ಪ್ರತಿ ಗೆಲುವಿಗೂ ಬೊಮ್ಮಯ್ಯ ಹೆಚ್ಚು ಹೊತ್ತು ನೇತಾಡುತ್ತಿದ್ದ. ಜನ ಚಪ್ಪಾಳೆ ತಟ್ಟುವಾಗ ನಾನು ಕಂಬದ ಬುಡಕ್ಕೆ ಕಿವಿ ಕೊಡುತ್ತಿದ್ದೆ. ಹಪ್ಪಳ ಈಗ ದಪ್ಪವಾಗಿತ್ತು.

ಕೊನೆಗೆ ನನಗೆ ದಾರಿ ತೋರಿಸಿದ್ದು ಹೆದರಿಕೆಯಲ್ಲ, ಕಿತಾಪತಿ. ಸಂದೇಶನ ಅಪ್ಪ ಇದೇ ಕಾಲೇಜಿನ ಹಳೆಯ ಆಟಗಾರ ಎಂದು ಕೇಳಿದ್ದೆ. ಒಂದು ಸಂಜೆ ಸುಮ್ಮನೆ ಬಿಟ್ಟೆ: "ಹಾಗಾದರೆ ನಿನ್ನ ಅಪ್ಪನ ಹೆಸರೂ ಈ ಕಂಬದ ಒಳಗೆಲ್ಲೋ ಇರಬೇಕಲ್ಲ?"

ಅವನು ಕಂಬ ನೋಡಿದ. "ಅವ್ರು ನಾಯಕ ಆಗಿದ್ರಂತೆ ಸರ್. ನಾವು ನಂಬುದಿಲ್ಲ."

"ನೋಡಿಬಿಡಬಹುದಲ್ಲ."

"ಕೆರೀಬಾರ್ದು ಸರ್."

"ಒಂದು ಅಂಗೈ ಅಗಲ. ಮತ್ತೆ ಬಳಿದರಾಯಿತು."

ಮರುದಿನ ಬೆಳಿಗ್ಗೆ ಪ್ರಾಕ್ಟೀಸಿಗೆ ಮುಂಚೆ ಅವನು ಮನೆಯಿಂದ ದೋಣಿಯ ತಳ ಕೆರೆಯುವ ಪಟ್ಟಿ ತಂದ. ಹುಡುಗರು ಸುತ್ತ ಕುಕ್ಕರುಗಾಲಲ್ಲಿ ಕೂತರು. ನೀಲಿ ಎದ್ದಿತು, ಅದರಡಿ ಹಸಿರು, ಅದರಡಿ ಕೆಂಪು, ಮತ್ತೆ ನೀಲಿ. ಕೆಸುವಿನೆಲೆಯ ಪತ್ರೊಡೆ ಕೊಯ್ದರೆ ಸುರುಳಿ ಸುರುಳಿ ಕಾಣುತ್ತದಲ್ಲ, ಹಾಗೆ. ಪ್ರತಿ ಸುತ್ತಿನಲ್ಲೂ ಅರ್ಧರ್ಧ ಹೆಸರು. "ಇದು ನಮ್ಮ ಮಾವಂದು!" "ಇವ್ರು ಈಗ ಬ್ಯಾಂಕಲ್ಲವ್ರೆ!" ಎಂದು ಗದ್ದಲ. ಹಳದಿ ಬಂದಾಗ ಸಂದೇಶ ಕೈ ನಿಲ್ಲಿಸಿದ. ಅಪ್ಪನ ಹೆಸರಿನ ಮೊದಲ ಎರಡು ಅಕ್ಷರ, ಅದಕ್ಕೂ ಮೊದಲು ನಾಯಕನ ಗುರುತಿಗೆ ಬರೆದ ಒಂದು ನಕ್ಷತ್ರ. ಅವನ ಮುಖ ಅರಳಿತು. ಮೂರನೆಯ ಅಕ್ಷರಕ್ಕಾಗಿ ಪಟ್ಟಿ ಒತ್ತಿದ. ಪಟ್ಟಿ ಒಳಗೆ ಹೋಯಿತು. ಹಿಡಿಯವರೆಗೂ ಹೋಯಿತು.

ಪಟ್ಟಿ ಹೊರಗೆಳೆದಾಗ ಸಂದಿಯಿಂದ ಕಂದು ಪುಡಿ ಸುರಿಯಿತು, ರಾಗಿಹಿಟ್ಟಿನ ಹಾಗೆ, ಸುರಿಯುತ್ತಲೇ ಇತ್ತು. ಒಳಗೆ ಕಬ್ಬಿಣವೇ ಇರಲಿಲ್ಲ. ಇಷ್ಟು ದಿನ ಆ ಕಂಬವನ್ನೂ ಬೋರ್ಡನ್ನೂ ಬೊಮ್ಮಯ್ಯನನ್ನೂ ಹೊತ್ತು ನಿಂತದ್ದು ತಂಡಗಳ ಬಣ್ಣ.

ಆಗ ಗೇಟಿನ ಕಡೆಯಿಂದ ಕಾಲಸಪ್ಪಳ ಕೇಳಿತು. ಬೊಮ್ಮಯ್ಯನ ಬಸ್ಸು ಬಂದಿತ್ತು. ಕೋರ್ಟಿಗೆ ಬಂದವನು ಬೆನ್ನಿನ ಚೀಲ ಇಳಿಸುವ ಮೊದಲು ಒಂದು ಓಟ ಓಡಿ ರಿಂಗಿಗೆ ಜೋಲುವುದು ಅವನ ದಿನದ ನಮಸ್ಕಾರ. ಓಡಿ ಬರುತ್ತಿದ್ದ, ನಗುತ್ತಿದ್ದ. ಹುಡುಗರು ಅಂಟಿಕೊಂಡಂತೆ ಕೂತಿದ್ದರು. ನಾನು ಕೂಗಲು ಬಾಯಿ ತೆರೆದೆ. ಸೀಸನ್ನಿನುದ್ದಕ್ಕೂ ಕೂಗಿದವನ ಗಂಟಲಿನಿಂದ ಆಗ ಒಂದು ಅಕ್ಷರವೂ ಹೊರಡಲಿಲ್ಲ. ಕಾಲು ಮಾತ್ರ ನನ್ನನ್ನು ಕೇಳದೆ ಓಡಿತು. ಅವನು ನೆಗೆಯಲೆಂದು ಮೈ ಕುಗ್ಗಿಸಿದಾಗ ನಾನು ಅವನ ಸೊಂಟವನ್ನು ತಬ್ಬಿಕೊಂಡೆ, ಇಬ್ಬರೂ ಉರುಳಿದೆವು. ನನ್ನ ಬಾಸ್ಕೆಟ್‌ಬಾಲ್ ಜೀವನದ ಏಕೈಕ ಫೌಲ್ ಅದು.

"ಸರ್, ಹುಚ್ಚಾ ನಿಮ್ಗೆ?" ಎಂದ ಬೊಮ್ಮಯ್ಯ, ನನ್ನಡಿಯಿಂದ.

ಸಂದೇಶ ಹಗ್ಗ ತಂದು ರಿಂಗಿಗೆ ಎಸೆದ. ಎಲ್ಲರೂ ದೂರ ನಿಂತು ಎಳೆಯಲು ಹಿಡಿದರು. ಎಳೆಯುವಷ್ಟೂ ಬೇಕಾಗಲಿಲ್ಲ, ಹಗ್ಗ ಬಿಗಿಯಾಯಿತು, ಕಂಬ ತಲೆಬಾಗಿ ಬಂದು ಬಿತ್ತು. ಬೋರ್ಡು ಅಪ್ಪಳಿಸಿದ್ದು ಬೊಮ್ಮಯ್ಯ ದಿನವೂ ಇಳಿಯುತ್ತಿದ್ದ ಜಾಗಕ್ಕೆ ಸರಿಯಾಗಿ. ಗಾಳಿಮರದ ಕಾಗೆಗಳೆಲ್ಲ ಎದ್ದವು. ಬೊಮ್ಮಯ್ಯ ನಗಲು ನೋಡಿದ. ಆಮೇಲೆ ಚೀಲ ತಬ್ಬಿಕೊಂಡು ನೆಲಕ್ಕೆ ಕೂತ. ಕೂತ ನೆಲವನ್ನೂ ಅಂಗೈಯಿಂದ ಒತ್ತಿ ನೋಡಿದ. ಆ ಹೆದರಿಕೆ ನನ್ನದು, ನೋಡಿದ ಕೂಡಲೇ ಗುರುತು ಸಿಕ್ಕಿತು.

ಅವನ ಜೀವ ಉಳಿಯಿತು, ನಮ್ಮ ಸೀಸನ್ನು ಉಳಿಯಲಿಲ್ಲ. ಅಂಕೋಲೆಯ ಕಂಬಗಳು ಹೊಸವು. ಹಿಂದಿನ ದಿನವೇ ಹೋಗಿ ನಾನೇ ಬಡಿದು ನೋಡಿ ಬಂದಿದ್ದೆ. ಅವನಿಗೂ ಹೇಳಿದೆ. ಆದರೂ ಚೆಂಡು ಹಿಡಿದು ಓಡಿಬಂದ ಬೊಮ್ಮಯ್ಯ ರಿಂಗಿನ ಕೆಳಗೆ ಬಂದೊಡನೆ ಗಕ್ಕನೆ ನಿಲ್ಲುತ್ತಿದ್ದ, ಕಂಬದ ಬುಡ ನೋಡುತ್ತಿದ್ದ, ಚೆಂಡನ್ನು ಯಾರಿಗೋ ದಾಟಿಸುತ್ತಿದ್ದ. ಮೊದಲ ಪಂದ್ಯದಲ್ಲೇ ಸೋತೆವು. "ಸರ್, ಕೈ ಎತ್ತಿದ್ರೆ ಆ ಸಪ್ಪಳ ಕೇಳ್ತದೆ," ಎಂದ. ಅವನ ತಾಯಿ ಪಂದ್ಯ ನೋಡಲು ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಸೋತದ್ದು ಅವರ ಲೆಕ್ಕದಲ್ಲೇ ಇರಲಿಲ್ಲ. ನಾನು ಮಾತ್ರ ಅವನ ಬೆನ್ನನ್ನು ನೋಡುತ್ತಿದ್ದೆ. ಅಷ್ಟೆತ್ತರದ ಹುಡುಗ ಬಾಗಿ ನಡೆಯುತ್ತಿದ್ದ. ನಾನು ಊರಿಗೆಲ್ಲ ಹಂಚಲು ನೋಡಿದರೂ ಯಾರೂ ತೆಗೆದುಕೊಳ್ಳದ ಹೆದರಿಕೆಯನ್ನು ಅವನೊಬ್ಬ ಪೂರ್ತಿ ತೆಗೆದುಕೊಂಡುಬಿಟ್ಟನಲ್ಲ ಎನಿಸಿತು. ವರ್ಷಗಟ್ಟಲೆ ಅದೇ ನನ್ನ ಹೊಸ ಚಿಂತೆಯಾಯಿತು.

ಹೋದ ವಾರ ಫೋನು ಬಂತು. ಬೊಮ್ಮಯ್ಯ ಈಗ ಅಂಕೋಲೆಯ ಕಡೆಯ ಒಂದು ಹೈಸ್ಕೂಲಿನಲ್ಲಿ ಆಟದ ಮಾಸ್ತರು. "ಸರ್, ನಮ್ಮಲ್ಲಿ ಹೊಸ ಕಂಬ ಹಾಕಿದ್ದೇವೆ. ಬಂದು ಒಂಚೂರು ಹೆದ್ರಿ ಹೋಗಿ," ಎಂದ.

ಹೋದೆ. ಕಂಬದ ಬುಡಕ್ಕೆ ಬಣ್ಣವಿಲ್ಲ, ಬರಿಯ ಗ್ರೀಸು. ಮಕ್ಕಳು ಗೆರೆಯಾಚೆ ಕಾದು ನಿಂತಿದ್ದರು. ಅವನು ಕೂತು ಒಂದು ಕಲ್ಲಿನಿಂದ ಬುಡವನ್ನು ಸುತ್ತಲೂ ಬಡಿದ, ಕಿವಿಯಿಟ್ಟು ಕೇಳಿದ. ಆಮೇಲೆ ಎದ್ದು, ಹಿಂದೆ ಸರಿದು, ಓಡಿಬಂದು ನೆಗೆದ. ಇಡೀ ಭಾರ ಬಿಟ್ಟು ರಿಂಗಿಗೆ ಜೋತ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಜೋಲುವ ರೀತಿ ಅದೇ. ನನ್ನ ಸೀಮೆಸುಣ್ಣ ನಿಂತ ಹಾಗೆ ಉಸಿರು ನಿಂತಿತು. ಇಳಿದು ಮಕ್ಕಳಿಗೆ, "ಹೂಂ, ಈಗ ಆಡಿ," ಎಂದ. ನನಗೆ ತಗ್ಗಿದ ದನಿಯಲ್ಲಿ ಹೇಳಿದ: "ದಿನಾ ಹೆದ್ರಿಕೆ ಆಗ್ತದೆ ಸರ್. ಅದ್ಕೇ ಮೊದ್ಲು ನಾನೇ ಜೋಲುದು."

ನಾನು ಏನೋ ಹೇಳಲು ಹೊರಟೆ. ಅಷ್ಟರಲ್ಲಿ ಅವನು, "ನೀವೂ ಒಮ್ಮೆ ನೋಡ್ಬಿಡಿ," ಎನ್ನುತ್ತ ನನ್ನ ಸೊಂಟ ತಬ್ಬಿ ಎತ್ತಿಯೇ ಬಿಟ್ಟ. ಬೇಡವೋ ಎಂದು ಕೂಗಿದೆ. ಈ ಸಲ ದನಿ ಬಂತು. ರಿಂಗು ಕೈಗೆ ಸಿಕ್ಕಿತು. ಅವನು ಕೈ ಬಿಟ್ಟ. ಮಕ್ಕಳು ಹೋ ಎಂದರು. ಕಣ್ಣು ಮುಚ್ಚಿ ಬುಡದ ಸಪ್ಪಳಕ್ಕೆ ಕಾದೆ. ಗಾಳಿಯ ಸದ್ದು ಬಿಟ್ಟು ಏನೂ ಕೇಳಲಿಲ್ಲ.

ಹಾಗೆ ಜೋತದ್ದರ ನೋವು ಭುಜದಲ್ಲಿ ಇನ್ನೂ ಇದೆ. ಗ್ರಿಲ್ಲು ಬಡಿಯುವಾಗ ಚುಳುಕ್ ಎನ್ನುತ್ತದೆ. ಇವತ್ತು ಬೆಳಿಗ್ಗೆ ನಾನು ಬಡಿದು ಮುಗಿಸುವಷ್ಟರಲ್ಲಿ ಪಾಂಡುರಂಗ ಬ್ರಷ್ ಅದ್ದಿದ್ದ. ತಡೆದು, "ಮೊದಲು ಕೆರೆದುಬಿಡು," ಎಂದೆ.

ಅವನು ಗ್ರಿಲ್ಲನ್ನೂ ನನ್ನನ್ನೂ ನೋಡಿದ. "ಸರ್, ಎಷ್ಟು ವರ್ಷದ ಬಣ್ಣ ಇದು! ಕೆರೆದ್ರೆ ಒಳಗೆ ಎಂತಾದ್ರೂ ಉಳಿದದ್ಯಾ ಹೇಳಿ ನಂಗೇ ಹೆದ್ರಿಕೆ."

"ನೀನು ಕೆರಿ," ಎಂದೆ. "ಹೆದ್ರಲಿಕ್ಕೆ ನಾನಿದ್ದೇನೆ."